ಬೆಣ್ಣೆಯ ಗುರಿ ತಪ್ಪಿಸಿದ್ದು ಯಾರು?

"ಟಣ್" ಎಂಬ ಸದ್ದು ಬರಬೇಕಿತ್ತು. ಬರಲಿಲ್ಲ.

ಕ್ಲೆಮೆಂಟಿನಾ ಟೀಚರ್ ಉಸಿರು ಹಿಡಿದು ಇನ್ನೊಮ್ಮೆ ಟ್ರಿಗರ್ ಒತ್ತಿದರು. ಎದುರಿಗೆ ಸಾಲಾಗಿ ನಿಲ್ಲಿಸಿದ್ದ ಉಕ್ಕಿನ ತಟ್ಟೆಗಳು ಅಲ್ಲಾಡಲಿಲ್ಲ. ಅವುಗಳ ಎಡಕ್ಕೆ, ಮಣ್ಣಿನ ದಿಬ್ಬದಲ್ಲಿ ಒಂದು ಹಿಡಿ ಧೂಳು ಎದ್ದು ಗಾಳಿಯಲ್ಲಿ ಕರಗಿತು.

ಮುಂದಿನ ಗುಂಡೂ ಅಲ್ಲಿಗೇ. ಅದರ ಮುಂದಿನದೂ.

"ಖಲಾಸ್!" ರೇಂಜಿನ ಉಸ್ತುವಾರಿ ಖಲ್ಫಾನ್ ಕೈಯೆತ್ತಿ ಕೂಗಿದರು. ಅವರ ಖಲಾಸ್ ಕೇಳಿದ ಮೇಲೆ ಆ ರೇಂಜಿನಲ್ಲಿ ಯಾರೂ ಬೆರಳು ಅಲ್ಲಾಡಿಸುವಂತಿಲ್ಲ. ಟೀಚರ್ ಗುಂಡು ತುಂಬಿದ ಮ್ಯಾಗಜೀನ್ ತೆಗೆದು, ಖಾಲಿ ಮಾಡಿದ ಬಂದೂಕನ್ನು ಮೇಜಿನ ಮೇಲೆ ಮಲಗಿಸಿ ಹಿಂದೆ ಸರಿದರು.

ಮಸ್ಕತ್ ಬಳಿಯ ಸೀಬ್‌ನಿಂದ ಬೆಟ್ಟದ ಕಡೆಗೆ ಹೋಗುವ ದಾರಿಯಲ್ಲಿದ್ದ ಆ ಶೂಟಿಂಗ್ ಕ್ಲಬ್ಬಿನಲ್ಲಿ ಅಂದು ಶುಕ್ರವಾರದ ಬೆಳಗು. ಜನವರಿಯ ಬಿಸಿಲು ಮೈಗೆ ಹಿತವಾಗಿತ್ತು. ಚಪ್ಪರದ ಕೆಳಗೆ ಕರಕ್ ಚಹಾದ ಫ್ಲಾಸ್ಕು, ನೀರುದೋಸೆಯ ಡಬ್ಬ, ಖರ್ಜೂರದ ತಟ್ಟೆ. ಅಷ್ಟು ಹೊತ್ತೂ ನಗುತ್ತಿದ್ದ ಜನ ಒಮ್ಮೆಗೇ ತಟ್ಟೆಗಳ ಕಡೆ ತಿರುಗಿದರು.

"ಎಂತ ಆಯ್ತು ಟೀಚರ್?" ದೇಜಪ್ಪ ಕೇಳಿದರು. ರೂವಿ ಪೇಟೆಯಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡು ತಲೆ ನರೆಸಿಕೊಂಡ ಮನುಷ್ಯ. "ಹೋದ ವಾರ ಇದೇ ಬಂದೂಕಿನಲ್ಲಿ ತಟ್ಟೆ ಎಲ್ಲ ಉದುರಿಸಿ ಕುಣಿದವರು ನೀವೇ ಅಲ್ವಾ?"

"ಪ್ರಾಯ ಆಯ್ತು ದೇಜಪ್ಪಣ್ಣ, ಕಣ್ಣು ಮಂಜಾಗಿದೆ ಕಾಣ್ತದೆ," ಎಂದು ಟೀಚರ್ ನಕ್ಕರು.

ಆ ನಗೆ ರೆನಿಟಾಗೆ ಸರಿ ಕಾಣಲಿಲ್ಲ. ಸೋತವರು ನಗುವುದುಂಟು. ಆದರೆ ಇಷ್ಟು ಹಗುರಾಗಿ ನಗುವುದಿಲ್ಲ.

ರೆನಿಟಾ ರೂವಿಯ ಒಂದು ವಿಮಾ ಕಂಪನಿಯಲ್ಲಿ ಕ್ಲೇಮುಗಳ ತನಿಖೆ ಮಾಡುವವಳು. ಸುಟ್ಟ ಗೋದಾಮು ತಾನಾಗಿ ಸುಟ್ಟಿತೋ ಯಾರಾದರೂ ಸುಟ್ಟರೋ ಎಂದು ಬೂದಿ ಮೂಸಿ ಹೇಳುವುದು ಅವಳ ಉದ್ಯೋಗ. ಶುಕ್ರವಾರ ಮಾತ್ರ ಅವಳು ಬಂದೂಕು ಹಿಡಿಯುವ ಹುಡುಗಿ. ಅದೂ ಕ್ಲೆಮೆಂಟಿನಾ ಟೀಚರ್ ಎಳೆದುಕೊಂಡು ಬಂದದ್ದರಿಂದ.

ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಅರ್ಧದಷ್ಟು ಮಕ್ಕಳಿಗೆ ಪಿಯಾನೋ ಕಲಿಸಿದ ಟೀಚರ್, ಅರುವತ್ತರ ಹೊಸ್ತಿಲಲ್ಲಿ ನಿಂತು ಶೂಟಿಂಗ್ ಕಲಿತಿದ್ದರು. ಮದುವೆಯಾದವರಲ್ಲ, ಹಿಂದೆಮುಂದೆ ಯಾರೂ ಇಲ್ಲ ಎಂದು ಊರವರ ಲೆಕ್ಕ. ಕ್ಲಬ್ಬಿಗೆಲ್ಲ ಅವರೇ ಅಕ್ಕ, ಅವರೇ ಅಮ್ಮ.

ಈ ಸಲ ಕ್ಲಬ್ಬು ಹೊಸ ಮಹಿಳಾ ತಂಡ ಕಟ್ಟಿ ಸಲಾಲಾದ ಪಂದ್ಯಕ್ಕೆ ಕಳಿಸುವುದಿತ್ತು. ಪಿಸ್ತೂಲಿನ ಗುಂಡನ್ನೇ ಹಾರಿಸುವ ಗಿಡ್ಡ ಬಂದೂಕು, ಅಂದರೆ ಕಾರ್ಬೈನ್‌ಗಳ ಪಂದ್ಯ. ಪರೀಕ್ಷೆಗೆ ಮೂರು ಬಗೆಯ ಕಾರ್ಬೈನ್ ಬಂದಿದ್ದವು. ಅವುಗಳಲ್ಲಿ ಒಂದನ್ನು ಜುಮ್ಮಾ ನಮಾಜಿಗೆ ಮೊದಲು ಆರಿಸಿಬಿಡಬೇಕು. ಇಡೀ ತಂಡಕ್ಕೆ ಅದೇ.

ಕಂಪನಿ ಇಟ್ಟ ಉದ್ದುದ್ದ ಹೆಸರು ಬಾಯಿಗೆ ಬಾರದೆ ದೇಜಪ್ಪ ಮೂರಕ್ಕೂ ತಾವೇ ನಾಮಕರಣ ಮಾಡಿದ್ದರು: ಗೂಳಿ, ಬೆಣ್ಣೆ, ಕೊಡೆ.

ಗೂಳಿ ಸರಳ ಜೀವ. ಗುಂಡು ಹಾರಿದಾಗ ಅದರೊಳಗಿನ ಭಾರದ ಉಕ್ಕಿನ ಬೋಲ್ಟು ನೇರ ಹಿಂದಕ್ಕೆ ನುಗ್ಗಿ ಭುಜಕ್ಕೆ ಗುದ್ದುತ್ತದೆ. ಆದರೆ ಎಂಥ ಗುಂಡು ಹಾಕಿದರೂ ನುಂಗುತ್ತದೆ, ಮರಳು ಹೊಕ್ಕರೂ ನಿಲ್ಲುವುದಿಲ್ಲ. ಕ್ಲಬ್ಬಿನ ಪಿಸ್ತೂಲುಗಳ ಮ್ಯಾಗಜೀನೇ ಅದಕ್ಕೂ ಸರಿಹೊಂದುತ್ತದೆ.

ಬೆಣ್ಣೆಯೊಳಗೆ ಬೋಲ್ಟು ಕ್ಷಣ ಹೊತ್ತು ತಡೆದು ಆಮೇಲೆ ಹಿಂದೆ ಬರುತ್ತದೆ. ಭುಜಕ್ಕೆ ತಟ್ಟಿದ್ದೇ ಗೊತ್ತಾಗದು. ಗುರಿ ಹಿಡಿಯಲು ಮೇಲೆ ಬಿಗಿದ ಕೆಂಪು ಚುಕ್ಕೆಯ ಸೈಟಿನಲ್ಲಿ ನೋಡುತ್ತಿದ್ದರೆ ಗುಂಡು ಹೋದ ಮೇಲೂ ಚುಕ್ಕೆ ತಟ್ಟೆಯ ಮೇಲೇ ಕೂತಿರುತ್ತದೆ. ಆದರೆ ತೂಕ ಹೆಚ್ಚು, ಗುಂಡಿನ ವಿಷಯದಲ್ಲಿ ಜಾತಕ ನೋಡುವ ಪೈಕಿ, ದಿನಾ ಒರೆಸಿ ಮುದ್ದು ಮಾಡಬೇಕು.

ಕೊಡೆ ನಡುವಿಗೆ ಮಡಚಿಕೊಳ್ಳುತ್ತದೆ. ಹಗುರ. ರಜೆಯ ದಿನ ಖುಷಿಗೆ ನಾಲ್ಕು ಡಬ್ಬ ಹೊಡೆಯಲು ಅದರಷ್ಟು ಚಂದ ಇಲ್ಲ. ಪಂದ್ಯಕ್ಕೆ ಮಾತ್ರ ಅದರ ಟ್ರಿಗರ್ ಬಿಗಿ, ಮಡಚುವಾಗೆಲ್ಲ ಮೇಲಿನ ಸೈಟನ್ನು ಪಕ್ಕಕ್ಕೆ ಹೊರಳಿಸುವ ರಗಳೆ.

ಟೀಚರರ ಭುಜಕ್ಕೆ ಬೆಣ್ಣೆಯೊಂದೇ ಗತಿ; ಈಗ ಗುರಿ ತಪ್ಪಿದ್ದೂ ಅದೇ. ಗೂಳಿ ಗೆದ್ದರೆ ಟೀಚರ್ ತಂಡದಿಂದ ಹೊರಗೆ. ಇದು ಎಲ್ಲರಿಗೂ ಗೊತ್ತಿದ್ದ ಮಾತು.

"ನಾನು ಮೊದಲಿಂದಲೂ ಹೇಳ್ತಾ ಬಂದದ್ದು ಇದನ್ನೇ," ಕೋಚ್ ಶೈಲೇಶ್ ಸೊಂಟಕ್ಕೆ ಕೈಕೊಟ್ಟು ನಿಂತ. ಕಾರ್ಕಳದವನು, ಎತ್ತರದ ಆಳು, ಗೂಳಿಯ ಪಕ್ಷದ ಕಟ್ಟಾಳು. "ಬೆಣ್ಣೆ ನಾಜೂಕು. ಬಿಸಿಲು ಬಿದ್ರೆ ಕರಗ್ತದೆ. ಪಂದ್ಯಕ್ಕೆ ಗೂಳಿಯೇ ಸರಿ."

ಹಾಗೆಂದ ಅವನ ದನಿಯಲ್ಲಿ ಗೆದ್ದ ಉತ್ಸಾಹ ಇರಲಿಲ್ಲ. ಅವನು ಬೆಣ್ಣೆಯನ್ನು ಬಿಟ್ಟು, ಆಗಲೇ ತಟ್ಟೆಗಳನ್ನೆಲ್ಲ ಉದುರಿಸಿದ್ದ ಗೂಳಿಯನ್ನೇ ದಿಟ್ಟಿಸುತ್ತಿದ್ದ, ಎದುರಿಗೆ ಭೂತ ಕಂಡವನಂತೆ.

ರೆನಿಟಾ ಮುಂದೆ ಬಂದಳು. "ಖಲ್ಫಾನ್ ಭಾಯ್, ತೀರ್ಮಾನಕ್ಕೆ ಮೊದಲು ಒಂದು ಸಲ ನಾನು ನೋಡಬಹುದಾ?"

"ಯಲ್ಲಾ, ಆಗಲಿ, ನೋಡಿ," ಎಂದರು ಖಲ್ಫಾನ್. ಅವರ ಹಿಂದಿ ಕ್ಲಬ್ಬಿನ ಅರ್ಧ ಜನರ ಹಿಂದಿಗಿಂತ ಚೆನ್ನಾಗಿತ್ತು. "ಟೀಚರ್ ಇಲ್ಲದ ತಂಡ ನನಗೂ ಬೇಡ."

ಕ್ಲಬ್ಬಿನ ಚಾಂಪಿಯನ್ ವಿಕಾಸ್ ಬೆಣ್ಣೆಯನ್ನು ಎತ್ತಿಕೊಂಡ. ತಟ್ಟೆ ನೋಡಿ ಹೊಡೆದ. ಅವನ ಗುಂಡೂ ಎಡಕ್ಕೇ ಹೋಗಿ ಮಣ್ಣು ತಿಂದಿತು.

"ಅಯ್ಯೋ, ನನ್ನ ಮರ್ಯಾದೆ!" ಎಂದು ಅವನು ಟೋಪಿಯಿಂದ ಮುಖ ಮುಚ್ಚಿಕೊಂಡ. ಜನ ಘೊಳ್ಳೆಂದರು. ಬಿಗಿದ ಗಾಳಿ ಸಡಿಲಾಯಿತು.

"ಹಾಗಾದ್ರೆ ಟೀಚರ್ ಕಣ್ಣಿನದ್ದಲ್ಲ ತಪ್ಪು," ದೇಜಪ್ಪ ತೀರ್ಪು ಕೊಟ್ಟರು.

ರೆನಿಟಾ ಮರಳಿನ ಚೀಲಗಳ ಮೇಲೆ ಬೆಣ್ಣೆಯನ್ನು ಅಲ್ಲಾಡದಂತೆ ಕೂರಿಸಿ, ಎದುರಿಗೆ ಕಾಗದದ ಗುರಿ ಕಟ್ಟಿಸಿ, ನಿಧಾನವಾಗಿ ಹೊಡೆಯುತ್ತ ಹೋದಳು. ಕಾಗದ ತಂದು ಮೇಜಿನ ಮೇಲೆ ಹರಡಿದಾಗ ಎಲ್ಲರೂ ಬಗ್ಗಿದರು.

ತೂತುಗಳೆಲ್ಲ ಒಂದು ನಿಂಬೆಹಣ್ಣಿನಷ್ಟು ಜಾಗದಲ್ಲಿ ಒತ್ತೊತ್ತಾಗಿ ಕೂತಿದ್ದವು. ಆದರೆ ನಡುವಿನಲ್ಲಲ್ಲ. ಎಡಗಡೆಯ ಅಂಚಿನಲ್ಲಿ.

"ನೋಡಿ," ರೆನಿಟಾ ಬೆರಳಿಟ್ಟಳು. "ನಳಿಗೆ ಹಾಳಾಗಿದ್ರೆ, ಗುಂಡು ಸರಿ ಇಲ್ಲದಿದ್ರೆ, ತೂತು ಅಲ್ಲೊಂದು ಇಲ್ಲೊಂದು ಬೀಳ್ತಿತ್ತು. ಇಲ್ಲಿ ಬಂದೂಕು ಚಿನ್ನದ ಹಾಗೆ ಹೊಡೀತಾ ಉಂಟು. ನಾವು ನೋಡುವ ಚುಕ್ಕೆ ಮಾತ್ರ ಸುಳ್ಳು ಹೇಳ್ತಾ ಉಂಟು."

"ಅಂದ್ರೆ?"

"ಅಂದ್ರೆ ಯಾರೋ ಸೈಟನ್ನು ತಿರುಗಿಸಿದ್ದಾರೆ. ಬೇಕಂತಲೇ."

ಚಪ್ಪರದಡಿ ಗುಸುಗುಸು ಎದ್ದಿತು. ದೇಜಪ್ಪ ನೀರುದೋಸೆಯ ತುಂಡನ್ನು ಬಾಯಿಗೆ ಒಯ್ಯುವುದನ್ನೇ ಮರೆತರು. ಪತ್ತೇದಾರಿಕೆಯೆಂದರೆ ಅವರಿಗೆ ಹಬ್ಬ.

ಸೈಟಿನ ಪಕ್ಕದಲ್ಲಿ ಉಗುರಿನಷ್ಟು ದೊಡ್ಡ ಮುಚ್ಚಳವಿರುತ್ತದೆ. ಅದನ್ನು ಬಿಚ್ಚಿದರೆ ಒಳಗೆ ಚುಕ್ಕೆಯನ್ನು ಎಡಬಲಕ್ಕೆ ಸರಿಸುವ ತಿರುಪು. ರೆನಿಟಾ ಮುಚ್ಚಳ ಬಿಚ್ಚಿ, ಅಭ್ಯಾಸಬಲದಿಂದ ಮೂಗಿನ ಹತ್ತಿರ ಹಿಡಿದಳು.

ಕರ್ಪೂರ. ಅದರ ಹಿಂದೆಯೇ ಲವಂಗದ ಘಾಟು.

ನೋವಿನ ಮುಲಾಮು! ಬೆರಳಿಗೆ ಮುಲಾಮು ಮೆತ್ತಿಕೊಂಡವರು ಯಾರೋ ಈ ಮುಚ್ಚಳ ತಿರುಗಿಸಿದ್ದಾರೆ.

ಬಂದೂಕನ್ನು ಕೆಳಗಿಡುವಾಗ ಅವಳ ತೋರುಬೆರಳಿಗೆ ಏನೋ ಅಂಟಿತು. ಹಳದಿ ಬಣ್ಣ. ಸೈಟನ್ನು ಬಂದೂಕಿಗೆ ಬಿಗಿಯುವ ಸ್ಕ್ರೂ ಮೇಲಿಂದ ಒಂದು ಹಳದಿ ಗೆರೆ ಎಳೆದಿರುತ್ತಾರೆ. ಸ್ಕ್ರೂ ಸಡಿಲಾದರೆ ಗೆರೆ ತುಂಡಾಗಿ ಗೊತ್ತಾಗಲಿ ಎಂದು. ಬೆಣ್ಣೆಯ ಗೆರೆ ತುಂಡಾಗಿರಲಿಲ್ಲ. ಆದರೆ ಪೂರ್ತಿ ಒಣಗಿಯೂ ಇರಲಿಲ್ಲ.

ಅವಳು ಅದನ್ನು ಯಾರಿಗೂ ಹೇಳದೆ ಕೈಯನ್ನು ಜೇಬಿಗೆ ಹಾಕಿಕೊಂಡಳು. ಇನ್ನೊಂದು ಕೈಯಿಂದ ಭುಜ ಹಿಡಿದುಕೊಂಡು, "ಅಮ್ಮಾ..." ಎಂದು ನರಳಿದಳು.

"ಎಂತಾಯ್ತು ಮಾರಾಯ್ತಿ?"

"ಭುಜ ಉಳುಕಿತು ಕಾಣ್ತದೆ ದೇಜಪ್ಪಣ್ಣ. ಯಾರ ಹತ್ರವಾದ್ರೂ ಮುಲಾಮು ಉಂಟಾ?"

"ನನ್ನ ಹತ್ರ ಇಲ್ಲದೆ ಉಂಟಾ?" ದೇಜಪ್ಪ ಪ್ಯಾಂಟಿನ ಜೇಬಿನಿಂದ ಸೀಸೆ ತೆಗೆದರು. ಮುಚ್ಚಳ ತೆರೆಯುವ ಮೊದಲೇ ನೀಲಗಿರಿ ಎಣ್ಣೆ ಮೂಗಿಗೆ ಹೊಡೆಯಿತು. ಇದಲ್ಲ. ರೆನಿಟಾ ಒಳಗೊಳಗೇ ದೇವರಿಗೆ ವಂದಿಸಿದಳು. ದೇಜಪ್ಪನವರ ಮೇಲೆ ಸಂಶಯಪಟ್ಟು ಬದುಕುವುದಾದರೂ ಹೇಗೆ?

"ಅದು ಗಂಟು ನೋವಿಗೆ ದೇಜಪ್ಪಣ್ಣ, ಭುಜಕ್ಕೆ ಆಗುದಿಲ್ಲ," ಎನ್ನುತ್ತ ಒಬ್ಬ ಓಡಿ ಬಂದ. "ತಕ್ಕೊಳ್ಳಿ ರೆನಿಟಾ. ಇದು ಹಚ್ಚಿ. ಐದು ನಿಮಿಷದಲ್ಲಿ ಹೋಗ್ತದೆ."

ಶೈಲೇಶ್. ಅವನ ಅಂಗೈಯಲ್ಲಿ ಪುಟ್ಟ ಡಬ್ಬಿ. ಕರ್ಪೂರ, ಲವಂಗ.

ರೆನಿಟಾ ಡಬ್ಬಿಯನ್ನೂ ಅವನ ಮುಖವನ್ನೂ ನೋಡಿದಳು. "ಕೋಚ್, ಸ್ವಲ್ಪ ಆಚೆ ಬರ್ತೀರಾ? ನೀರಿನ ಟ್ಯಾಂಕಿನ ಹತ್ರ."

ಟ್ಯಾಂಕಿನ ನೆರಳಿನಲ್ಲಿ ಯಾರೂ ಇರಲಿಲ್ಲ. ದೂರದಲ್ಲಿ ಬೋಳು ಬೆಟ್ಟಗಳು ಬಿಸಿಲಿಗೆ ಬೆನ್ನು ಕಾಯಿಸುತ್ತಿದ್ದವು.

"ನಿಮ್ಮ ಭುಜಕ್ಕೆ ಎಂತಾಗಿದೆ ಕೋಚ್?"

"ನನಗಾ? ಎಂತದೂ ಇಲ್ಲ."

"ಎಂತದೂ ಇಲ್ಲದವರು ಮುಲಾಮು ಡಬ್ಬಿ ಅರ್ಧ ಖಾಲಿ ಮಾಡ್ತಾರಾ?" ಅವಳು ಡಬ್ಬಿ ತೆರೆದು ತೋರಿಸಿದಳು. "ಇದೇ ವಾಸನೆ ಬೆಣ್ಣೆಯ ಸೈಟಿನ ಮುಚ್ಚಳದಲ್ಲಿ ಉಂಟು. ಟೀಚರನ್ನು ತಂಡದಿಂದ ತೆಗೆಯಲಿಕ್ಕೆ ಇಷ್ಟು ಕಷ್ಟಪಡಬೇಕಿತ್ತಾ? ನೇರ ಹೇಳಬಹುದಿತ್ತು."

ಶೈಲೇಶನ ಮುಖ ಕೆಂಪೇರಿತು. "ಟೀಚರನ್ನು ತೆಗೆಯಲಿಕ್ಕಾ? ನಾನಾ? ನನ್ನ ಮಗಳು ಮಾತು ತೊದಲುತ್ತಿದ್ದದ್ದು ನಿಮಗೆ ಗೊತ್ತುಂಟಲ್ಲ. ಟೀಚರ್ ಹಾಡು ಕಲಿಸಿದ ಮೇಲೆ ಅವಳ ಬಾಯಿ ಮುಚ್ಚಿಸಲಿಕ್ಕೆ ನಾವು ಕಷ್ಟಪಡ್ತಾ ಇದ್ದೇವೆ. ಅಂಥವರನ್ನು ನಾನು ತೆಗೀತೇನಾ?"

"ಮತ್ತೆ ಸೈಟು ತಿರುಗಿಸಿದ್ದು?"

ಅವನು ಟ್ಯಾಂಕಿಗೆ ಒರಗಿದ. ಕೊನೆಗೆ ಎಡಗೈಯಿಂದ ಬಲಭುಜ ತಿಕ್ಕಿಕೊಂಡ.

"ನಗಬಾರದು."

"ಇಲ್ಲ."

"ಆ ಗೂಳಿ ನನ್ನ ಭುಜ ಪುಡಿ ಮಾಡಿ ಹಾಕಿದೆ. ಕೈ ಎತ್ತಿ ತಲೆ ಬಾಚಲಿಕ್ಕೆ ಆಗುದಿಲ್ಲ. ಆದ್ರೆ ಎಲ್ಲರ ಎದುರು ಗೂಳಿ ಗೂಳಿ ಅಂತ ಕುಣಿದವ ನಾನು. ಈಗ ಬೆಣ್ಣೆಯೇ ಒಳ್ಳೇದು ಅಂತ ಯಾವ ಬಾಯಲ್ಲಿ ಹೇಳುದು? ವಿಕಾಸ ನನ್ನನ್ನು ಸಾಯುವವರೆಗೆ ಬಿಡ್ತಾನಾ?"

ರೆನಿಟಾ ತುಟಿ ಕಚ್ಚಿಕೊಂಡಳು. ನಗುವುದಿಲ್ಲವೆಂದು ಮಾತು ಕೊಟ್ಟಾಗಿತ್ತು.

"ಹಾಗಾಗಿ ನಿನ್ನೆ ಸಂಜೆ ಪ್ರಾಕ್ಟೀಸ್ ಮುಗಿದ ಮೇಲೆ ನಾನೇ ಸೈಟು ತಿರುಗಿಸಿದೆ. ಒಪ್ಪಿದೆ. ಆದ್ರೆ..." ಅವನು ದನಿ ತಗ್ಗಿಸಿದ. "ನಾನು ತಿರುಗಿಸಿದ್ದು ಬೆಣ್ಣೆಯದ್ದಲ್ಲ. ಗೂಳಿಯದ್ದು. ಇವತ್ತು ಗೂಳಿ ಸೋಲಬೇಕಿತ್ತು. ಬೆಣ್ಣೆ ಗೆಲ್ಲಬೇಕಿತ್ತು. ಟೀಚರ್ ಸಲಾಲಾಕ್ಕೆ ಹೋಗಬೇಕಿತ್ತು. ಬೆಳಿಗ್ಗೆ ಗೂಳಿ ಟಣ್ ಟಣ್ ಅಂತ ತಟ್ಟೆ ಉದುರಿಸುವಾಗ ನನ್ನ ಜೀವವೇ ಬಾಯಿಗೆ ಬಂತು!"

ಈ ಸಲ ರೆನಿಟಾಗೆ ತಡೆಯಲಾಗಲಿಲ್ಲ. ನಕ್ಕೇಬಿಟ್ಟಳು. ಅವಳನ್ನು ನೋಡಿ ಶೈಲೇಶನೂ ನಕ್ಕ. ನಗುತ್ತ ಭುಜ ಅಲ್ಲಾಡಿ "ಅಯ್ಯಯ್ಯೋ" ಎಂದ.

ನಗು ನಿಂತಾಗ ಅವಳ ತಲೆ ಓಡತೊಡಗಿತ್ತು. ಸುಳ್ಳು ಹೇಳುವವನು ತನ್ನ ಮಾನ ತಾನೇ ಕಳೆದುಕೊಳ್ಳುವಂಥ ಸುಳ್ಳು ಹೇಳುವುದಿಲ್ಲ. ಮೂರು ಬಂದೂಕಿನ ಸೈಟೂ ಒಂದೇ ಕಂಪನಿಯದು, ಒಂದೇ ಅಚ್ಚು. ಶೈಲೇಶ್ ತಿರುಗಿಸಿದ ಸೈಟು ಗೂಳಿಯ ಮೇಲಿತ್ತು. ಈಗ ಅದೇ ವಾಸನೆಯ ಸೈಟು ಬೆಣ್ಣೆಯ ಮೇಲಿದೆ.

ಯಾರೋ ಸೈಟುಗಳನ್ನೇ ಅದಲುಬದಲು ಮಾಡಿದ್ದಾರೆ. ಬಿಗಿದ ಮೇಲೆ ಹೊಸದಾಗಿ ಹಳದಿ ಗೆರೆ ಎಳೆದಿದ್ದಾರೆ. ಆ ಗೆರೆ ಒಣಗಿಲ್ಲ. ಹಾಗಾದರೆ ಕೆಲಸ ನಡೆದದ್ದು ಇವತ್ತು ಬೆಳಿಗ್ಗೆ.

"ಕೋಚ್, ನಿನ್ನೆ ನೀವು ತಿರುಗಿಸುವಾಗ ಯಾರು ನೋಡಿದರು?"

"ಯಾರೂ ಇಲ್ಲ. ಟೀಚರ್ ಒಬ್ಬರು ಬ್ಯಾಗ್ ಮರೆತು ವಾಪಸ್ ಬಂದಿದ್ದರು. ಅವರಿಗೆ ಅದೆಲ್ಲ ಎಲ್ಲಿ ಗೊತ್ತಾಗ್ತದೆ?"

ರೆನಿಟಾ ಆಯುಧದ ಕೋಣೆಯ ಕಡೆ ನಡೆದಳು.

ಖಲ್ಫಾನ್ ಕಬ್ಬಿಣದ ಬಾಗಿಲಿನ ಎದುರು ಕುರ್ಚಿ ಹಾಕಿ ಕೂತಿದ್ದರು. ಸೊಂಟದಲ್ಲಿ ಬೀಗದ ಕೈ.

"ಖಲ್ಫಾನ್ ಭಾಯ್, ಇವತ್ತು ಬೆಳಿಗ್ಗೆ ಒಳಗೆ ಯಾರಿಗಾದರೂ ಬಂದೂಕು ಕೊಟ್ಟಿರಾ?"

"ನಾನು ಎದುರಿಗಿಲ್ಲದೆ ಯಾರಿಗೂ ಕೊಡುವುದಿಲ್ಲ," ಅವರು ಗಂಭೀರರಾದರು. "ಬೋಲ್ಟುಗಳೆಲ್ಲ ಬೇರೆ ಕಪಾಟಿನಲ್ಲಿರುತ್ತವೆ, ಅದನ್ನಂತೂ ಮುಟ್ಟಿಸುವುದೇ ಇಲ್ಲ. ಬರಿಯ ಬಂದೂಕು ಒರೆಸಬೇಕು, ಸೈಟು ಬಿಚ್ಚಿ ಧೂಳು ತೆಗೆಯಬೇಕು ಅಂದರು, ಕೊಟ್ಟೆ. ಹಳದಿ ಬಣ್ಣ ಕೇಳಿದರು, ಅದನ್ನೂ ಕೊಟ್ಟೆ. ಕೂತು ಹಾಡು ಹೇಳಿಕೊಂಡು ಒರೆಸಿದರು. ನನಗೊಂದು ತುಂಡು ಕೇಕ್ ಕೂಡ ಕೊಟ್ಟರು."

"ಯಾರು?"

ಇದೂ ಒಂದು ಪ್ರಶ್ನೆಯೇ ಎಂಬಂತೆ ಖಲ್ಫಾನ್ ಹುಬ್ಬೇರಿಸಿದರು. "ಮತ್ಯಾರು? ಟೀಚರ್. ನನ್ನ ಮಗಳ ಗುರುಗಳಿಗೆ ಇಲ್ಲ ಅನ್ನಲಿಕ್ಕೆ ಆಗ್ತದಾ?"

ರೆನಿಟಾ ಚಪ್ಪರದ ಕಡೆ ತಿರುಗಿದಳು.

ಚಪ್ಪರದ ಕೊನೆಯಲ್ಲಿ ಕ್ಲೆಮೆಂಟಿನಾ ಟೀಚರ್ ಒಬ್ಬರೇ ನಿಂತು ಕೇಕ್ ಕತ್ತರಿಸುತ್ತಿದ್ದರು. ರೆನಿಟಾ ಹತ್ತಿರ ಹೋಗಿ, ಹಳದಿ ಮೆತ್ತಿದ ತನ್ನ ಬೆರಳನ್ನು ಸುಮ್ಮನೆ ಅವರೆದುರು ಹಿಡಿದಳು.

ಟೀಚರ್ ಬೆರಳು ನೋಡಿದರು. ಚಾಕು ಕೆಳಗಿಟ್ಟರು. ಸಿಕ್ಕಿಬಿದ್ದ ಕಳ್ಳಿಯಂತಲ್ಲ, ಒಳ್ಳೆಯ ವಿದ್ಯಾರ್ಥಿನಿಯನ್ನು ಕಂಡ ಗುರುವಿನಂತೆ ಅವರ ಕಣ್ಣುಗಳು ಅರಳಿದವು.

"ಗೊತ್ತಿತ್ತು ಮಗಾ. ಕಂಡುಹಿಡಿದರೆ ನೀನೇ ಕಂಡುಹಿಡೀತಿ ಅಂತ."

"ಯಾಕೆ ಟೀಚರ್? ನಿಮ್ಮ ಬಂದೂಕನ್ನೇ ನೀವು ಕೆಡಿಸಿದ್ರಲ್ಲ?"

"ಶೈಲೇಶ್ ಗೂಳಿಯನ್ನು ಕೆಡಿಸಿದ್ದು ನೋಡಿದೆ. ಪಾಪ, ಅವನಿಗೆ ನನ್ನ ಮೇಲೆ ಪ್ರೀತಿ. ಆದ್ರೆ ಗೂಳಿಗೂ ಅನ್ಯಾಯ ಆಗಬಾರದಲ್ವಾ? ಸೈಟು ಬದಲಿಸಿದರೆ ಗೂಳಿಯೂ ಸರಿಯಾಗ್ತದೆ, ನಾನೂ ಸೋಲ್ತೇನೆ. ಒಂದೇ ಕಲ್ಲಿಗೆ ಎರಡು ಮಾವಿನಕಾಯಿ."

"ಸೋಲುವ ಆಸೆ ಯಾಕೆ? ಹೋದ ವಾರ ತಟ್ಟೆ ಬಿದ್ದಾಗ ನಿಮ್ಮಷ್ಟು ಖುಷಿಪಟ್ಟವರು ಯಾರೂ ಇರಲಿಲ್ಲ."

ಟೀಚರ್ ದೂರದ ತಟ್ಟೆಗಳನ್ನು ನೋಡಿದರು. "ಖುಷಿಯೇ ಮಗಾ. ಆ ಟಣ್ ಅನ್ನುವ ಸ್ವರ ಉಂಟಲ್ಲ, ಇಷ್ಟು ವರ್ಷ ಪಿಯಾನೋದಲ್ಲಿ ಹುಡುಕಿದರೂ ನನಗೆ ಸಿಕ್ಕಿರಲಿಲ್ಲ. ಆದ್ರೆ ಸಲಾಲಾಕ್ಕೆ ಹೋದರೆ ಪೇಪರಿನಲ್ಲಿ ಫೋಟೋ ಬರ್ತದೆ. ನನ್ನ ಫೋಟೋ ಎಲ್ಲಿಯೂ ಬರಬಾರದು. ಬಂದರೆ ಅವರಿಗೆ ಗೊತ್ತಾಗ್ತದೆ, ನಾನು ಮಸ್ಕತ್‌ನಲ್ಲಿ ಇದ್ದೇನೆ ಅಂತ."

"ಅವರು ಅಂದರೆ ಯಾರು ಟೀಚರ್?"

ಟೀಚರ್ ಬಾಯಿ ತೆರೆದರು. ಅಷ್ಟರಲ್ಲಿ ಗೇಟಿನ ಕಡೆಯಿಂದ ದೇಜಪ್ಪ ಓಡೋಡಿ ಬಂದರು. ಮುಖವೆಲ್ಲ ನಗು. ಕೈಯಲ್ಲಿ ಮೊಬೈಲು.

"ಟೀಚರ್! ಎಂತ ಟೀಚರ್ ನೀವು, ನಮ್ಮ ಹತ್ರ ಒಂದು ಮಾತು ಹೇಳಲಿಲ್ಲ! ಹೋದ ವಾರ ನೀವು ಕುಣಿದ ವಿಡಿಯೋವನ್ನು ನಾನು ನಮ್ಮ ಊರಿನವರ ಗ್ರೂಪಿಗೆಲ್ಲ ಹಾಕಿದ್ದೆ. ಅದನ್ನು ನೋಡಿ ಹುಡುಕಿಕೊಂಡು ಬಂದಿದ್ದಾರೆ. ಗೇಟಿನ ಹತ್ರ ನಿಂತಿದ್ದಾರೆ, ನಿಮ್ಮ ಯಜಮಾನರು!"

ರೆನಿಟಾ ಕಕ್ಕಾಬಿಕ್ಕಿಯಾದಳು. ಮದುವೆಯೇ ಆಗದ ಟೀಚರಿಗೆ ಯಜಮಾನರು?

ಟೀಚರ್ ಬೆಚ್ಚಲಿಲ್ಲ. ಕೇಕಿನ ಪುಡಿ ಹತ್ತಿದ ಕೈಯನ್ನು ಒರೆಸಿಕೊಂಡರು, ಕೆದರಿದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದರು. ಕೆನ್ನೆ ಹದಿನೆಂಟರ ಹುಡುಗಿಯದರಂತೆ ಕೆಂಪಗಾಗಿತ್ತು. ಅದು ಹೆದರಿಕೆಯೋ ಸಂತೋಷವೋ ರೆನಿಟಾಗೆ ಹೇಳಲಾಗಲಿಲ್ಲ.

"ದೇಜಪ್ಪಣ್ಣ," ಟೀಚರ್ ತಣ್ಣಗೆ ಕೇಳಿದರು, "ಯಾವ ಯಜಮಾನರು? ಒಬ್ಬರೇ ಬಂದಿದ್ದಾರಾ, ಅಲ್ಲ ಇಬ್ಬರೂ ಬಂದಿದ್ದಾರಾ?"